ಆಟ ಮುಗಿಯುವವರೆಗೆ ನಡೆದವಳು

ಮಾರ್ಲೀಸ್ ಯಾನೊಟ್ಟಾ ಫುಟ್‌ಬಾಲ್ ಹುಚ್ಚಿನ ಗಂಡನ ಜೊತೆ ನಲವತ್ತೊಂದು ವರ್ಷ ಬಾಳಿದಳು. ಅಷ್ಟು ವರ್ಷದಲ್ಲಿ ಅವಳು ಕೂತು ಕೇಳಿದ ಆಟ ಎರಡೇ. ಎರಡರಲ್ಲೂ ನಮ್ಮ ಊರಿನ ತಂಡ ಡಾರ್ಟ್‌ಮುಂಡ್ ಸೋತಿತ್ತು. ಎರಡರಲ್ಲೂ ಎದುರಿಗಿದ್ದವರು ಮ್ಯೂನಿಕ್‌ನವರು.

ಮೊದಲನೆಯದು ಮದುವೆಯಾದ ವರ್ಷ. ಅಡುಗೆಮನೆಯ ಕಪಾಟಿನ ಮೇಲೆ ರೇಡಿಯೋ. ಮೇಜಿನ ಆ ಕಡೆ ಗಂಡ ಎವಾಲ್ಡ್, ಈ ಕಡೆ ಇವಳು ಆಲೂಗಡ್ಡೆ ಸುಲಿಯುತ್ತಾ ಕೂತಿದ್ದಳು. ಸೋತರು. ಎವಾಲ್ಡ್ ರೇಡಿಯೋ ಆರಿಸಿದ. ಮುಂದಿನ ಸಲವೂ ಅವಳು ಅದೇ ಕುರ್ಚಿಯಲ್ಲಿ ಕೂತಳು, ಮತ್ತೆ ಸೋತರು. ಆವಾಗ ಅವನು ಕುರ್ಚಿಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಮೂರನೆಯ ಸಲ ಎದುರಿನವರು ಒಂದು ಗೋಲು ಹೊಡೆದ ಕೂಡಲೇ ಬಾಯಿಬಿಟ್ಟ.

"ಮಾರ್ಲೀಸ್, ಸ್ವಲ್ಪ ಹೊರಗೆ ಹೋಗಿ ಬರ್ತೀಯಾ? ಸುಮ್ನೆ, ಒಂದು ಸುತ್ತು."

ಅವಳು ನಕ್ಕಳು. ಅವನು ನಗಲಿಲ್ಲ. ಅವಳು ಕೋಟು ಹಾಕಿಕೊಂಡು ಇಳಿದು ಹೋದಳು. ಉಕ್ಕಿನ ಕಾರ್ಖಾನೆಯ ಗೋಡೆ ಹಿಡಿದು ಸುತ್ತು ಹಾಕಿ ಬರುವಷ್ಟರಲ್ಲಿ ನಮ್ಮವರು ಎರಡು ಗೋಲು ಹೊಡೆದಿದ್ದರು. ಎವಾಲ್ಡ್ ಅವಳನ್ನು ಎತ್ತಿಕೊಂಡು ಅಡುಗೆಮನೆಯಲ್ಲೆಲ್ಲ ತಿರುಗಿದ.

ಅಲ್ಲಿಂದ ಶುರುವಾಯಿತು. ಮೊದಲು ಮ್ಯೂನಿಕ್ ಆಟಕ್ಕೆ ಮಾತ್ರ ನಡೆಯುತ್ತಿದ್ದಳು. ಆಮೇಲೆ ಎಲ್ಲ ಆಟಕ್ಕೂ. ಎವಾಲ್ಡ್ ಮನೆಯಲ್ಲಿ ರೇಡಿಯೋ ಮುಂದೆ ಇದ್ದರೂ ಅಷ್ಟೇ, ಮೈದಾನದ ದಕ್ಷಿಣ ಗ್ಯಾಲರಿಯಲ್ಲಿ ನಿಂತಿದ್ದರೂ ಅಷ್ಟೇ. ಆಟ ಶುರುವಾದಾಗ ಅವಳು ಮನೆ ಬಿಡಬೇಕು, ಮುಗಿದ ಮೇಲೆ ಬರಬೇಕು. ಕಾರ್ಖಾನೆಯ ಸುತ್ತ ಒಂದು ಸುತ್ತಿಗೆ ಅರ್ಧ ಆಟ. ಎರಡು ಸುತ್ತು ಹಾಕಿದರೆ ಆಟ ಮುಗಿಯಿತು. ಅವಳು ಬಿಯರ್ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುವ ಯಂತ್ರದ ಮುಂದೆ ನಿಲ್ಲುವವಳು. ದಿನಕ್ಕೆ ಎಂಟು ಗಂಟೆ ಒಂದೇ ಕಡೆ ನಿಂತ ಕಾಲಿಗೆ ಶನಿವಾರ ನಡೆಯುವುದು ಕಷ್ಟವಾಗಲಿಲ್ಲ.

ನಮ್ಮ ಹೋರ್ಡೆ ಬಡಾವಣೆಯ ಬೀದಿಗೆಲ್ಲ ಇದು ಗೊತ್ತಾಯಿತು. ನಮ್ಮ ಊರಲ್ಲಿ ಇಂಥದ್ದಕ್ಕೆ ಯಾರೂ ನಗುವುದಿಲ್ಲ. ಎದುರು ಮನೆಯ ಮುದುಕ ಗೆದ್ದ ದಿನದ ಬನಿಯನ್ನನ್ನು ಸೋಲುವವರೆಗೆ ಒಗೆಯುತ್ತಿರಲಿಲ್ಲ. ಹಿಂದಿನ ಮನೆಯವಳು ಪೆನಾಲ್ಟಿ ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದಳು. ಮಾರ್ಲೀಸ್ ನಡೆಯುತ್ತಿದ್ದಳು, ಅಷ್ಟೇ. ನಮ್ಮವರು ಹಿಂದೆ ಬಿದ್ದರೆ ಕಿಟಕಿಯಿಂದ ಯಾರಾದರೂ ಕೂಗುವರು.

"ಏ ಮಾರ್ಲೀಸ್, ಕಾಲು ಬೀಸಾಕೇ. ಒಂದು ಗೋಲು ಕೆಳಗಿದ್ದೀವಿ."

"ನೀನೇ ಇಳಿದು ಬಂದು ಓಡು" ಅನ್ನುವಳು ಅವಳು. ಆದರೂ ಕಾಲು ಬಿರುಸಾಗುತ್ತಿತ್ತು.

ಒಂದು ವರ್ಷ ನಮ್ಮವರು ಗೆದ್ದು ಕಪ್ಪು ನಮ್ಮ ಊರಿಗೆ ಬಂತು. ಅವತ್ತು ಮೂಲೆಯ ಪೆಟ್ಟಿಗೆ ಅಂಗಡಿಯವನು ಅವಳಿಗೆ ಒಂದು ಬಾಟಲಿ ಕೊಟ್ಟು, "ತಗೊಳ್ಳಿ ಯಾನೊಟ್ಟಾ ಅಮ್ಮ, ಅರ್ಧ ಕಪ್ಪು ನಿಮ್ಮ ಕಾಲಿಂದ ಬಂದದ್ದು" ಅಂದ. ಅವಳಿಗೆ ಖುಷಿಯಾಗಿತ್ತು. ಸುಳ್ಳು ಹೇಳಬಾರದು, ಬಹಳ ಖುಷಿಯಾಗಿತ್ತು.

ಉಕ್ಕಿನ ಕಾರ್ಖಾನೆ ಮುಚ್ಚಿತು. ಎವಾಲ್ಡ್ ಇಪ್ಪತ್ತಾರು ವರ್ಷ ಪಾಳಿ ಮಾಡಿದ ಕುಲುಮೆಯನ್ನು ಚೀನಾದವರು ಕೊಂಡು, ಬೋಲ್ಟು ಬೋಲ್ಟು ಬಿಚ್ಚಿ ಹಡಗಿಗೆ ಹಾಕಿಕೊಂಡು ಹೋದರು. ಕಾರ್ಖಾನೆ ಇದ್ದ ಜಾಗದಲ್ಲಿ ದೊಡ್ಡ ಗುಂಡಿಯಾಯಿತು. ಅವಳು ಗುಂಡಿಯ ಸುತ್ತ ನಡೆದಳು. ಆಮೇಲೆ ಗುಂಡಿಗೆ ನೀರು ಬಿಟ್ಟು ಕೆರೆ ಮಾಡಿದರು, ದಡದಲ್ಲಿ ದುಡ್ಡಿದ್ದವರು ಬಿಳಿ ಮನೆ ಕಟ್ಟಿದರು. ಅವಳು ಕೆರೆಯ ಸುತ್ತ ನಡೆದಳು. ಸುತ್ತು ಅದೇ, ಒಳಗಿನದು ಮಾತ್ರ ಬದಲಾಗುತ್ತಾ ಹೋಯಿತು.

ಎವಾಲ್ಡ್‌ನ ಶ್ವಾಸಕೋಶ ಕಾರ್ಖಾನೆಯಲ್ಲೇ ಹಾಳಾಗಿತ್ತು. ಹೋದ ಜನವರಿಯಿಂದ ಗ್ಯಾಲರಿಯ ಮೆಟ್ಟಿಲು ಹತ್ತಲು ಆಗಲಿಲ್ಲ. ಆಟದ ದಿನ ಮನೆಯಲ್ಲೇ ಆರಾಮ ಕುರ್ಚಿಯಲ್ಲಿ, ಮೂಗಿಗೆ ಗಾಳಿಯ ಕೊಳವೆ ಸಿಕ್ಕಿಸಿಕೊಂಡು ಟಿವಿ ಮುಂದೆ ಕೂರುತ್ತಿದ್ದ. ಮಾರ್ಚ್‌ನ ಒಂದು ಶನಿವಾರ ಮಧ್ಯಾಹ್ನ ಅವನ ಮುಖ ಬಿಳಿಚಿತ್ತು.

"ಇವತ್ತು ಇಲ್ಲೇ ಇರ್ತೀನಿ" ಅಂದಳು ಅವಳು.

"ಬೇಡ. ಹೋಗು. ನೀನು ಕೂತ್ರೆ ಇವರು ಸೋಲ್ತಾರೆ."

"ಸಣ್ಣ ಆಟ ಎವಾಲ್ಡ್, ಮ್ಯೂನಿಕ್ ಏನಲ್ಲ."

"ಹೋಗು ಅಂದ್ನಲ್ಲ. ಗೆದ್ದಾದ್ಮೇಲೆ ಬಾ."

ಅವಳು ಹೋದಳು. ಒಂದು ಸುತ್ತು ಮುಗಿಸಿ ಮನೆಯ ಕೆಳಗೆ ಬಂದಾಗ ವಿರಾಮದ ಹೊತ್ತು. ಮೇಲೆ ಕಿಟಕಿಯಲ್ಲಿ ಟಿವಿಯ ಬೆಳಕು ಅಲುಗುತ್ತಿತ್ತು. ಹತ್ತಲಿಲ್ಲ. ವಿರಾಮದಲ್ಲಿ ಹತ್ತಿದರೆ ಸುತ್ತು ಮುರಿದಂತೆ. ಎರಡನೆಯ ಸುತ್ತು ಹಾಕಿ ಬಂದಳು. ನಮ್ಮವರು ಒಂದು ಗೋಲಿನಿಂದ ಗೆದ್ದಿದ್ದರು. ಟಿವಿಯಲ್ಲಿ ಆಟಗಾರರು ಗ್ಯಾಲರಿಯ ಮುಂದೆ ಕೈ ಕೈ ಹಿಡಿದು ಕುಣಿಯುತ್ತಿದ್ದರು. ಎವಾಲ್ಡ್ ಕುರ್ಚಿಯಲ್ಲಿ ಇದ್ದ. ಆದರೆ ಅವನು ಹೋಗಿಬಿಟ್ಟಿದ್ದ.

ಬಂದ ಡಾಕ್ಟರು ಪ್ರಾಣ ಹೋಗಿ ಒಂದು ಗಂಟೆಯಾಗಿರಬಹುದು, ಹೆಚ್ಚೂ ಆಗಿರಬಹುದು ಅಂದರು.

"ಮೊದಲ ಅರ್ಧದಲ್ಲೋ ಎರಡನೆಯದರಲ್ಲೋ?" ಎಂದು ಕೇಳಿದಳು ಅವಳು.

"ಏನಂದ್ರಿ?"

"ಗೋಲು ಬಿದ್ದದ್ದು ಎಪ್ಪತ್ತನೇ ನಿಮಿಷಕ್ಕೆ. ಅದನ್ನ ನೋಡಿದ್ರಾ ಇವರು?"

ಡಾಕ್ಟರು ಅವಳ ಭುಜ ಮುಟ್ಟಿ ಕಾಗದ ಬರೆಯಲು ಕೂತರು. ಬೇರೆ ಊರಿನವರು, ಅವರಿಗೆ ತಿಳಿಯಲಿಲ್ಲ. ಅಂತ್ಯಕ್ರಿಯೆಗೆ ಬಂದವರೆಲ್ಲ "ಗೆದ್ದದ್ದು ನೋಡಿ ಹೋದ, ಪುಣ್ಯವಂತ" ಅಂದರು. ಅವಳು ಹೂಂ ಅಂದಳು. ಏಪ್ರಿಲ್ ಮೇ ತಿಂಗಳ ಆಟಗಳಿಗೆ ಅವಳು ನಡೆಯಲೂ ಇಲ್ಲ, ಕೂರಲೂ ಇಲ್ಲ. ಆಟದ ಹೊತ್ತಿಗೆ ನಿದ್ದೆ ಗುಳಿಗೆ ನುಂಗಿ ಮಲಗಿಬಿಡುತ್ತಿದ್ದಳು.

ಈಗ ಆಗಸ್ಟ್ ಬಂದಿತ್ತು. ಆಟದ ಹೊಸ ಋತು ಶುರುವಾಗುವ ಮೊದಲು ಒಂದೇ ಆಟದ ಕಪ್ಪು ಇರುತ್ತದೆ. ಹೋದ ವರ್ಷ ಎಲ್ಲರಿಗಿಂತ ಮೇಲೆ ಬಂದ ಎರಡು ತಂಡ ಆಡುತ್ತವೆ. ಈ ಸಲ ಅದು ನಮ್ಮ ಮೈದಾನದಲ್ಲೇ, ಶನಿವಾರ ಸಂಜೆ ಆರಕ್ಕೆ. ಎದುರಿಗೆ ಮ್ಯೂನಿಕ್‌ನವರು.

ಬೆಳಿಗ್ಗೆ ಹತ್ತಕ್ಕೆ ಮಾನ್ನಿ ಬಾಗಿಲು ಬಡಿದ. ಮಾನ್ನಿ ಎವಾಲ್ಡ್‌ನ ಪಾಳಿಯ ಗೆಳೆಯ. ಕುಲುಮೆಯ ಮುಂದೆಯೂ ಪಕ್ಕ, ಗ್ಯಾಲರಿಯಲ್ಲೂ ಪಕ್ಕ. ಆಗಲೇ ಹಳದಿ ಅಂಗಿ ಹಾಕಿಕೊಂಡು ಬಂದಿದ್ದ. ಬಂದವನು ಕೂರಲಿಲ್ಲ. ಕಾಫಿ ಕೊಟ್ಟರೆ ನಿಂತೇ ಕುಡಿದ.

"ಎವಾಲ್ಡ್‌ನ ವರ್ಷದ ಪಾಸು ಬಂತಾ?"

"ಬಂತು. ಮಗಳು ಕಂಪ್ಯೂಟರ್‌ನಲ್ಲಿ ಬರೆದು ಹಾಕಿದ್ಲು. ನನ್ನ ಹೆಸರಿಗೆ ಬಂದಿದೆ."

"ಇವತ್ತಿನ ಟಿಕೆಟ್ಟು?"

"ಅದನ್ನೂ ಅವಳೇ ತೆಗೆದಿದ್ದಾಳೆ. ನಾನು ಬೇಡ ಅಂದಿದ್ದೆ."

"ಆನ್ಯಾನೇ ಬರಬಹುದಲ್ಲ?"

"ಅವಳಿಗೆ ಹಾಂಬುರ್ಗ್‌ನಲ್ಲಿ ಆಸ್ಪತ್ರೆ ಪಾಳಿ. ಬರಕ್ಕಾಗಲ್ಲ."

ಮಾನ್ನಿ ಕಪ್ಪನ್ನು ತಟ್ಟೆಯ ಮೇಲೆ ಇಟ್ಟ, ಮತ್ತೆ ಎತ್ತಿದ. "ಹಾಗಾದ್ರೆ ನೀನೇ ಬರ್ಬೇಕು."

ದಕ್ಷಿಣ ಗ್ಯಾಲರಿಯಲ್ಲಿ ಕೂರುವ ಕುರ್ಚಿಯಿಲ್ಲ, ಎಲ್ಲರೂ ನಿಲ್ಲುವವರೇ. ಪಾಸಿನಲ್ಲಿ ಗ್ಯಾಲರಿಯ ಭಾಗದ ಗುರುತಿರುತ್ತದೆ, ನಿಲ್ಲುವ ಜಾಗದ್ದಿಲ್ಲ. ಜಾಗ ಬಾಯಿಮಾತಿನದು. ಎಂಟು ಜನ ಮೂವತ್ತು ವರ್ಷದಿಂದ ಒಂದೇ ಕಬ್ಬಿಣದ ಅಡ್ಡಕಂಬಿ ಹಿಡಿದು ನಿಲ್ಲುತ್ತಾರೆ, ಇನ್ನೊಬ್ಬ ಅಲ್ಲಿಗೆ ಬರುವುದಿಲ್ಲ. ಅವರದೇ ಒಂದು ಕಟ್ಟಳೆ ಇತ್ತು. ಒಬ್ಬ ಸತ್ತರೆ ಆ ಋತು ಮುಗಿಯುವವರೆಗೆ ಅವನ ಜಾಗ ಖಾಲಿ. ಆಟದ ದಿನ ಅವನ ಮಫ್ಲರನ್ನು ಅಲ್ಲಿ ಕಂಬಿಗೆ ಕಟ್ಟುತ್ತಾರೆ, ಮೊಣಕೈಯಿಂದ ಜನರನ್ನು ತಡೆಯುತ್ತಾರೆ. ಹೊಸ ಋತುವಿನ ಮೊದಲ ಆಟಕ್ಕೆ, ಸೀಟಿ ಊದುವ ಮೊದಲು, ಅವನ ಮನೆಯಿಂದ ಯಾರಾದರೂ ಬಂದು ನಿಲ್ಲಬೇಕು. ಬರದಿದ್ದರೆ ಏಳು ಜನವೂ ಒಂದೊಂದು ಅಡಿ ಸರಿದು ಜಾಗ ಮುಚ್ಚಿಬಿಡುತ್ತಾರೆ. ಮುಚ್ಚಿದ್ದು ಮುಚ್ಚಿದ್ದೇ.

"ಇದು ಲೆಕ್ಕಕ್ಕೆ ಬರುತ್ತಾ?" ಎಂದಳು ಮಾರ್ಲೀಸ್. "ನಿಜವಾದ ಋತು ಮುಂದಿನ ವಾರ ತಾನೇ?"

"ಅದನ್ನೇ ನಮ್ಮ ಕಂಬಿಯ ಲೋಥಾರ್ ಎತ್ತಿದ. ನಾಲ್ಕು ದಿನ ಕಿತ್ತಾಡಿದೀವಿ. ಮ್ಯೂನಿಕ್ ಜೊತೆ ಆಟ, ಕೊನೆಗೆ ಕಪ್ಪು ಕೊಡ್ತಾರೆ. ಲೆಕ್ಕಕ್ಕೆ ಬರದೆ ಏನು?"

"ನಾನು ಬಂದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಲ್ಲ ಮಾನ್ನಿ."

ಮಾನ್ನಿ ಕಿಟಕಿ ಕಡೆ ತಿರುಗಿದ. ಅರವತ್ತಾರು ವರ್ಷದ ಗಂಡಸು, ಕುಲುಮೆಯ ಬಾಯಿಗೆ ಕೈ ಹಾಕಿದವನು. ಇದಕ್ಕೆ ಹೆದರುತ್ತಿದ್ದ.

"ಅದಕ್ಕೊಂದು ದಾರಿ ಇದೆ. ನೋಡು, ಸೀಟಿಗೆ ಮುಂಚೆ ಬಾ. ನಿಂತ್ಕೋ, ಎಲ್ರೂ ನೋಡ್ಲಿ. ಜಾಗ ಉಳೀತು. ಸೀಟಿ ಊದಿದ್ಮೇಲೆ ಮೆಟ್ಟಿಲಿಳಿದು ಕೆಳಗೆ ಓಣಿಗೆ ಹೋಗ್ಬಿಡು. ಗ್ಯಾಲರಿ ಕೆಳಗೆ ಉದ್ದಕ್ಕೂ ಓಣಿ ಇದೆ. ಅಲ್ಲೇ ನಡೀತಾ ಇರು. ಎರಡೂ ಆಯ್ತು."

"ಬಾಟಲಿ ತೊಳೆಯೋ ಯಂತ್ರದ ಥರ. ಈ ಕಡೆಯಿಂದ ಒಳಗೆ, ಆ ಕಡೆಯಿಂದ ಹೊರಗೆ."

"ನಾನು ನಗ್ತಾ ಇಲ್ಲ ಮಾರಾಯ್ತಿ."

"ನಾನೂ ನಗ್ತಾ ಇಲ್ಲ."

ಅವನು ಹೋದ ಮೇಲೆ ಅವಳು ಆಲೂಗಡ್ಡೆ ಸುಲಿಯಲು ಕೂತಳು. ಒಬ್ಬಳಿಗೆ ಎರಡು ಸಾಕು, ಹನ್ನೊಂದು ಸುಲಿದಿದ್ದಳು. ನೀರಿಗೆ ಹಾಕಿ ಎದ್ದಳು. ಒಗೆದ ಬಟ್ಟೆಯನ್ನೇ ಮತ್ತೆ ಇಸ್ತ್ರಿ ಮಾಡಿದಳು. ಕಿಟಕಿ ಒರೆಸಿದಳು. ಪೆಟ್ಟಿಗೆ ಅಂಗಡಿಗೆ ಹೋಗಿ, ಏನು ಬೇಕಿತ್ತು ಅನ್ನುವುದು ಮರೆತು, ಬೆಂಕಿಪೊಟ್ಟಣ ತಂದಳು. ಅಂಗಡಿಯವನು, "ಇವತ್ತು ನಡೀತೀರಾ ಅಮ್ಮ?" ಎಂದು ಮೆಲ್ಲಗೆ ಕೇಳಿದ. ಅವಳು ಚಿಲ್ಲರೆ ತೆಗೆದುಕೊಳ್ಳದೆ ಬಂದಳು.

ಮಧ್ಯಾಹ್ನ ಆನ್ಯಾ ಫೋನು ಮಾಡಿದಳು.

"ಹೋಗಮ್ಮ. ಅಪ್ಪನ ಜಾಗ ಹೋಗ್ಬಿಡುತ್ತೆ."

"ಹೋದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿದೀಯಾ? ನಾನು ಅಲ್ಲಿ ನಿಂತು ನಮ್ಮವರು ಸೋತ್ರು ಅಂತ ಇಟ್ಕೋ. ನಿಮ್ಮಪ್ಪನ ಜಾಗದಲ್ಲಿ ಶನಿ ನಿಂತ ಹಾಗೆ."

"ಗೆದ್ರೆ?"

ಮಾರ್ಲೀಸ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. "ಗೆದ್ರೆ ಇನ್ನೂ ಕೆಟ್ಟದ್ದು. ನಾನು ಅಲ್ಲೇ ನಿಂತೂ ಗೆದ್ರು ಅಂದ್ರೆ, ಇಷ್ಟು ವರ್ಷ ನಡೆದದ್ದು ಬರೀ ಸುಳ್ಳು. ಆವತ್ತು ಅವರನ್ನ ಒಬ್ಬರನ್ನೇ ಬಿಟ್ಟು ಹೋದದ್ದೂ ಸುಳ್ಳಿಗೆ."

ಆ ಕಡೆ ಆಸ್ಪತ್ರೆಯ ಗಂಟೆಯೊಂದು ಬಡಿಯುತ್ತಿತ್ತು.

"ಅಮ್ಮ, ಹಾಗೆಲ್ಲ..."

"ನಿನ್ನ ಗಂಟೆ ಹೊಡೀತಿದೆ. ಹೋಗು" ಎಂದು ಫೋನು ಇಟ್ಟಳು.

ಮೂರು ಗಂಟೆಗೆ ಸುಮ್ಮನೆ ಕೆರೆಯ ಕಡೆ ಹೋದಳು. ಆಟವಿಲ್ಲದ ಹೊತ್ತಿನಲ್ಲಿ ಅಲ್ಲಿ ನಡೆದದ್ದೇ ಇಲ್ಲ. ಅರ್ಧ ಸುತ್ತಿಗೇ ಕಾಲು ನಿಂತಿತು. ಎಳೆ ಮಕ್ಕಳ ತಾಯಂದಿರು, ಓಡುವವರು, ನಾಯಿ ಹಿಡಿದವರು. ಯಾರೂ ಯಾವುದಕ್ಕೂ ನಡೆಯುತ್ತಿರಲಿಲ್ಲ. ಅವಳು ಬಂದ ದಾರಿಯಲ್ಲೇ ತಿರುಗಿ, ಮನೆಗೆ ಹೋಗಿ, ಋತು ಮುಗಿದಾಗ ಮಾನ್ನಿ ತಂದುಕೊಟ್ಟಿದ್ದ ಎವಾಲ್ಡ್‌ನ ಮಫ್ಲರ್ ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟಳು. ನಿಲ್ಲುತ್ತೇನೋ ಕೆಳಗಿಳಿಯುತ್ತೇನೋ ಅವಳಿಗೇ ಗೊತ್ತಿರಲಿಲ್ಲ. ಮನೆಯಲ್ಲಿ ಇರಲು ಆಗುತ್ತಿರಲಿಲ್ಲ, ಅಷ್ಟು ಗೊತ್ತಿತ್ತು.

ಆರಕ್ಕೆ ಇಪ್ಪತ್ತು ನಿಮಿಷ ಇರುವಾಗ ಗ್ಯಾಲರಿಯ ಮೆಟ್ಟಿಲು ಹತ್ತಿದಳು. ಹತ್ತುವವರ ಬೆನ್ನು ಬಿಟ್ಟು ಬೇರೇನೂ ಕಾಣಿಸಲಿಲ್ಲ. ಎವಾಲ್ಡ್ ಎಷ್ಟೋ ಸಲ ಹೇಳಿದ್ದ, ಹದಿಮೂರನೆಯ ಭಾಗ, ಬಲಕ್ಕೆ, ಮೂರನೆಯ ಕಂಬಿ. ಕೇಳದೆಯೇ ಹೋದಳು. ಏಳು ಜನ ಗಂಡಸರು ಕಂಬಿ ಹಿಡಿದು ನಿಂತಿದ್ದರು, ನಡುವೆ ಒಬ್ಬರಷ್ಟು ಖಾಲಿ. ಆ ಜನಜಂಗುಳಿಯಲ್ಲಿ ಅಷ್ಟು ಖಾಲಿ ಜಾಗ ನೋಡಿ ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು.

"ಬಂದ್ಲು" ಎಂದ ಮಾನ್ನಿ.

"ಕಂಬಿ ಹಿಡ್ಕೋ ಮಾರ್ಲೀಸ್" ಎಂದ ಲೋಥಾರ್, ಹೊಟ್ಟೆ ದೊಡ್ಡದು, ದನಿ ಸಣ್ಣದು. "ಗೋಲು ಬಿದ್ರೆ ಹಿಂದಿನವರೆಲ್ಲ ಮೈಮೇಲೆ ಬೀಳ್ತಾರೆ. ಎವಾಲ್ಡ್‌ನ ಎರಡು ಪಕ್ಕೆಲುಬು ಇಲ್ಲೇ ಹೋಗಿದ್ದು."

"ನನಗೆ ಏಣಿಯಿಂದ ಬಿದ್ದೆ ಅಂತ ಹೇಳಿದ್ರು."

ಏಳು ಜನವೂ ನಕ್ಕರು. ಅವಳು ಮಫ್ಲರನ್ನು ತೆಗೆದು ಕೊರಳಿಗೆ ಸುತ್ತಿಕೊಂಡಳು. ಈ ಸಲ ಅದನ್ನು ಕಂಬಿಗೆ ಕಟ್ಟಬೇಕಾಗಿ ಬರಲಿಲ್ಲ.

ಸೀಟಿ ಕೇಳಿತು. ಮಾನ್ನಿ ಅವಳ ಕಡೆ ನೋಡಿದ. ಕಣ್ಣಲ್ಲೇ ಮೆಟ್ಟಿಲು ತೋರಿಸಿದ. ಅವಳು ಕಂಡೂ ಕಾಣದಂತೆ ಮೈದಾನ ನೋಡಿದಳು. ಅದು ಇಷ್ಟು ಹಸಿರು ಅಂತ ಯಾರೂ ಅವಳಿಗೆ ಹೇಳಿರಲಿಲ್ಲ. ಸುತ್ತ ಇಪ್ಪತ್ತೈದು ಸಾವಿರ ಗಂಟಲು ಒಟ್ಟಿಗೆ ಹಾಡುತ್ತಿತ್ತು, ಕಾಲ ಕೆಳಗಿನ ಕಾಂಕ್ರೀಟು ಅದುರುತ್ತಿತ್ತು. ಅವಳಿಗೆ ನಿಂತು ಅಭ್ಯಾಸವಿದ್ದದ್ದು ಯಂತ್ರದ ಮುಂದೆ ಮಾತ್ರ. ಇಲ್ಲಿ ಕಾಲು ನಿಲ್ಲಲೊಲ್ಲದು. ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಹಾಕುತ್ತಾ, ಕಂಬಿಯನ್ನು ಬಿಗಿಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿದ್ದಳು.

ಇಪ್ಪತ್ತಮೂರನೆಯ ನಿಮಿಷಕ್ಕೆ ಮ್ಯೂನಿಕ್‌ನವರು ಗೋಲು ಹೊಡೆದರು.

ಗ್ಯಾಲರಿ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಯಿತು, ಆಮೇಲೆ ಇನ್ನೂ ಜೋರಾಗಿ ಹಾಡಿತು. ಕಂಬಿಯ ಏಳು ಜನ ಹಾಡಲಿಲ್ಲ. ಯಾರೂ ಅವಳ ಕಡೆ ನೋಡಲಿಲ್ಲ. ನೋಡದೆ ಇರಲು ಅವರು ಪಡುತ್ತಿದ್ದ ಕಷ್ಟ ಅವಳಿಗೆ ಕಾಣುತ್ತಿತ್ತು.

ವಿರಾಮದಲ್ಲಿ ಮಾನ್ನಿ ಬಾಯಿ ಬಿಟ್ಟ. ದನಿ ತಗ್ಗಿಸಿ, ಬೇಡುವವನ ಹಾಗೆ.

"ಮಾರ್ಲೀಸ್, ಜಾಗ ನಿಂದೇ ಆಯ್ತು. ಯಾರೂ ಕಿತ್ಕೊಳ್ಳಲ್ಲ. ಈಗ ಒಂದ್ಸಲ ಕೆಳಗೆ ಹೋಗಿ ಬರ್ತೀಯಾ?"

"ನನ್ನಿಂದ ಗೋಲು ಬಿತ್ತು ಅಂತೀಯಾ?"

"ನಾನು ಹಾಗೆಲ್ಲಿ ಅಂದೆ? ಸುಮ್ನೆ. ಒಂದು ಸುತ್ತು."

ಅದೇ ಮಾತು. ಅಡುಗೆಮನೆಯಲ್ಲಿ ಎವಾಲ್ಡ್ ಮೊದಲ ಸಲ ಹೇಳಿದಾಗ ಹೇಗಿತ್ತೋ ಹಾಗೇ. ಅವಳ ಕಾಲು ಅವಳನ್ನು ಕೇಳಲಿಲ್ಲ. ಮೆಟ್ಟಿಲಿಳಿದು ಓಣಿಗೆ ಬಂದಳು.

ಓಣಿ ಉದ್ದವಾಗಿತ್ತು. ಬಿಯರ್ ವಾಸನೆ, ಉಚ್ಚೆ ವಾಸನೆ. ವಿರಾಮ ಮುಗಿದು ಜನ ಮೇಲೆ ಹೋದರು, ಓಣಿ ಖಾಲಿಯಾಯಿತು. ಅವಳು ಆ ತುದಿಯಿಂದ ಈ ತುದಿಗೆ ನಡೆದಳು. ತಲೆಯ ಮೇಲೆ ಕಾಂಕ್ರೀಟು, ಅದರ ಮೇಲೆ ಜನ. ಹಾಡು ಮಾತ್ರ ಕೇಳುತ್ತಿತ್ತು. ನಾಲ್ಕು ಸಲ ಹೋಗಿ ಬಂದಳು. ಐದನೆಯ ಸಲ ಅರ್ಧ ದಾರಿಯಲ್ಲಿದ್ದಾಗ ಮೇಲೆ ಏನೋ ಒಡೆದ ಹಾಗೆ ಶಬ್ದವಾಯಿತು. ಕಾಂಕ್ರೀಟಿನ ಧೂಳು ಮಫ್ಲರ್ ಮೇಲೆ ಉದುರಿತು. ಬಿಯರ್ ತರಲು ಬಂದಿದ್ದವನೊಬ್ಬ ಗುರುತಿಲ್ಲದ ಅವಳನ್ನು ತಬ್ಬಿಕೊಂಡು, "ಒಂದಕ್ಕೊಂದಾಯ್ತು ಅಮ್ಮ, ಒಂದಕ್ಕೊಂದು" ಎಂದು ಅವಳ ತೋಳ ಮೇಲೆಲ್ಲ ಬಿಯರ್ ಚೆಲ್ಲಿ ಓಡಿದ.

ಅವಳು ಗೋಡೆಗೆ ಆನಿಕೊಂಡಳು.

ಹಾಗಾದರೆ ನಿಜ, ಅಂದುಕೊಂಡಳು. ನಾನು ಹೋದರೆ ಬೀಳುತ್ತದೆ. ಮಾರ್ಚ್‌ನಲ್ಲೂ ನಾನು ಹೋದದ್ದಕ್ಕೇ ಬಿತ್ತು. ಹಾಗೆ ಅಂದುಕೊಂಡರೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅದರ ಬದಲು ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ ತೋಳಿನ ಬಿಯರನ್ನು ಮಫ್ಲರಿನಿಂದ ಉಜ್ಜಿ ಉಜ್ಜಿ ಒರೆಸಿದಳು. ಅವತ್ತು ಕಿಟಕಿಯ ಕೆಳಗೆ ನಿಂತಿದ್ದಳು. ಮೇಲೆ ಅವನಿದ್ದ. ಇವತ್ತು ಮೇಲೆ ಅವನ ಜಾಗ ಇದೆ, ಅವಳು ಮತ್ತೆ ಕೆಳಗಿದ್ದಾಳೆ. ಮೇಲೆ ಎಲ್ಲರೂ ಕುಣಿಯುತ್ತಿದ್ದಾರೆ.

ಅವಳು ಮೆಟ್ಟಿಲು ಹತ್ತಿದಳು. ಈಗ ಮೆಟ್ಟಿಲ ಮೇಲೂ ಜನ ನಿಂತಿದ್ದರು. ಮೊಣಕೈ ಹಾಕಿ ನುಗ್ಗಿದಳು. "ಎಲ್ಲಿಗಜ್ಜಿ?" ಎಂದ ಒಬ್ಬ. "ನನ್ನ ಜಾಗಕ್ಕೆ" ಅಂದಳು.

ಮಾನ್ನಿಗೆ ದೂರದಿಂದಲೇ ಅವಳ ತಲೆ ಕಂಡಿತು. ಅವನ ಮುಖದ ಮೇಲಿನ ನಗು ಹೋಯಿತು. ಎರಡೂ ಕೈ ಎತ್ತಿ ಹಿಂದಕ್ಕೆ ಹೋಗು ಅಂತ ಬೀಸಿದ. ಅವಳು ಬಂದು ಕಂಬಿ ಹಿಡಿದಳು.

"ಅಯ್ಯೋ ಯಾಕ್ ಬಂದೆ? ಇನ್ನು ಇಪ್ಪತ್ತು ನಿಮಿಷ. ಬರೀ ಇಪ್ಪತ್ತು ನಿಮಿಷ ಕಣೇ. ಕಾಲು ಮುಗೀತೀನಿ."

"ಇಲ್ಲ."

"ನೀನು ಇಳಿದೆ, ಗೋಲು ಬಿತ್ತು. ಎಲ್ರೂ ನೋಡಿದ್ದಾರೆ. ಕಪ್ಪು, ಮಾರ್ಲೀಸ್, ಮ್ಯೂನಿಕ್‌ನವರ ಕೈಯಿಂದ ಕಪ್ಪು."

"ಆವತ್ತೂ ಹೀಗೇ ಹೋಗಿದ್ದೆ ಮಾನ್ನಿ. ಗೆದ್ರಿ. ನನಗೇನು ಸಿಕ್ತು?"

ಮಾನ್ನಿ ಮತ್ತೆ ಮೆಟ್ಟಿಲ ಕಡೆ ಕೈ ತೋರಿಸಿದ.

"ಸಾಯೋ ಮುಂಚೆ ಅವರು ಗೋಲು ನೋಡಿದ್ರೋ ಇಲ್ವೋ ಅದೂ ನನಗೆ ಗೊತ್ತಿಲ್ಲ. ನೀರು ಕೇಳಿದ್ರೋ, ನನ್ನ ಕೂಗಿದ್ರೋ ಗೊತ್ತಿಲ್ಲ. ನಾನು ಕೆರೆ ಸುತ್ತ ಇದ್ದೆ. ನೀವು ಸೋಲೋದಾದ್ರೆ ಸೋಲಿ. ನಾನು ಇಲ್ಲಿಂದ ಅಲುಗಲ್ಲ."

ಪಕ್ಕದವರು ಹಾಡುತ್ತಲೇ ಇದ್ದರು. ಲೋಥಾರ್ ಒಬ್ಬ ಕೇಳಿಸಿಕೊಂಡ. ಅವನು ತನ್ನ ದೊಡ್ಡ ದೇಹವನ್ನು ಅರ್ಧ ಅಡಿ ಸರಿಸಿ ಅವಳ ಕೈಗೆ ಕಂಬಿಯ ಮೇಲೆ ಜಾಗ ಮಾಡಿಕೊಟ್ಟ.

ಅವಳು ನಿಂತಳು. ಕಾಲು ಕೇಳಲಿಲ್ಲ, ಆದರೂ ನಿಂತಳು. ಚೆಂಡು ಆ ಕಡೆ ಹೋದರೆ ಕಂಬಿಯನ್ನು ಬಿಗಿಹಿಡಿಯುತ್ತಿದ್ದಳು, ಈ ಕಡೆ ಬಂದರೆ ಇನ್ನೂ ಬಿಗಿಯಾಗಿ. ಒಂದು ಸಲ ನಮ್ಮವನೊಬ್ಬ ಹೊಡೆದದ್ದು ಗೋಲುಕಂಬಕ್ಕೆ ಬಡಿದು ಹೊರಗೆ ಹೋಯಿತು. ಮಾನ್ನಿ ಹಣೆಯನ್ನು ಕಂಬಿಗೆ ಒತ್ತಿಕೊಂಡ. ಅವಳು ನೋಡುತ್ತಿದ್ದಳು. ರೆಪ್ಪೆ ಬಡಿಯಲೂ ಭಯವಾಗುತ್ತಿತ್ತು.

ಎಂಬತ್ತೆಂಟನೆಯ ನಿಮಿಷಕ್ಕೆ ಮ್ಯೂನಿಕ್‌ನ ಒಬ್ಬ ಹುಡುಗ ಎಡಗಡೆಯಿಂದ ಬಂದ. ನಮ್ಮ ಗೋಲ್‌ಕೀಪರ್ ಬಲಕ್ಕೆ ವಾಲಿದ. ಅವನು ವಾಲುತ್ತಿದ್ದದ್ದು ತಪ್ಪು ಕಡೆಗೆ ಅಂತ ಅವಳಿಗೆ ಅವನಿಗಿಂತ ಮೊದಲೇ ತಿಳಿಯಿತು. ಬಲೆ ಉಬ್ಬಿತು. ದೂರದ ಮೂಲೆಯಲ್ಲಿ ಕೆಂಪು ಬಾವುಟಗಳ ಒಂದು ತುಂಡು ಕುಣಿಯಿತು.

ಅವಳು ಕಣ್ಣು ತೆಗೆಯಲಿಲ್ಲ. ಪೂರ್ತಿ ನೋಡಿದಳು. ಗೋಲ್‌ಕೀಪರ್ ನೆಲದ ಮೇಲೆ ಕೂತು ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡದ್ದನ್ನೂ ನೋಡಿದಳು. ಎವಾಲ್ಡ್ ಮೂವತ್ತು ವರ್ಷ ಇಲ್ಲಿ ನಿಂತು ಇದನ್ನೇ ನುಂಗಿ, ಮನೆಗೆ ಬಂದು "ಇವತ್ತು ಆಗಲಿಲ್ಲ" ಅಂತ ಎರಡು ಪದದಲ್ಲಿ ಮುಗಿಸುತ್ತಿದ್ದ. ಸೋತರೆ ಸೋಲಲಿ, ನಾನು ಇಲ್ಲೇ ಕೂರುತ್ತೇನೆ ಅಂತ ಆ ಶನಿವಾರ ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅದು ಇನ್ನು ಸರಿಹೋಗುವುದಿಲ್ಲ. ಆಟ ಮುಗಿದ ಸೀಟಿ ಕೇಳಿತು.

ರೈಲಿನ ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಮಾನ್ನಿ, ಲೋಥಾರ್, ಮಾರ್ಲೀಸ್ ಮೂವರೂ ಹೋರ್ಡೆಯವರು, ನಡೆದೇ ಹೊರಟರು. ಇನ್ನೂ ಬೆಳಕಿತ್ತು. ಮಾನ್ನಿ ನಾಲ್ಕು ಹೆಜ್ಜೆ ಮುಂದೆ, ತಲೆ ತಗ್ಗಿಸಿಕೊಂಡು. ದೊಡ್ಡ ರಸ್ತೆ ದಾಟಿದರು. ನಿನ್ನಿಂದಲೇ ಸೋತದ್ದು ಅಂತ ಅವನು ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವಳು ಕಾಯುತ್ತಿದ್ದಳು. ಹೇಳಿದರೆ ತಲೆ ಬಗ್ಗಿಸಿ ಕೇಳಿಸಿಕೊಳ್ಳಬೇಕು, ಆದರೆ ಮುಂದಿನ ಆಟಕ್ಕೂ ಹೋಗಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಮಾನ್ನಿ ನಿಂತ. ತಿರುಗಿದ. ಅವಳನ್ನು ನೋಡಿದ. ಆಮೇಲೆ ಅವಳನ್ನು ದಾಟಿ ಹಿಂದೆ ನೋಡಿದ.

"ಲೋಥಾರ್, ನೀನು ಸಾಸೇಜು ಯಾವಾಗ ತಿಂದೆ?"

"ಯಾಕೆ?"

"ಕೇಳಿದ್ದಕ್ಕೆ ಹೇಳು."

"ಆಟಕ್ಕೆ ಮುಂಚೆ. ಹಸಿವಾಗಿತ್ತು."

"ಆಟಕ್ಕೆ ಮುಂಚೆ." ಮಾನ್ನಿ ಎರಡೂ ಕೈ ಸೊಂಟದ ಮೇಲೆ ಇಟ್ಟ. "ಇಪ್ಪತ್ತು ವರ್ಷದಿಂದ ವಿರಾಮದಲ್ಲಿ ತಿಂತಾ ಇದ್ದವನು, ಮ್ಯೂನಿಕ್ ಆಟದ ದಿನವೇ ಮುಂಚೆ ತಿಂದ್ಯಾ?"

"ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ ಮಾರಾಯ. ಹೊಟ್ಟೆ ಚುರುಗುಡ್ತಿತ್ತು."

"ಹೊಟ್ಟೆ ಚುರುಗುಡುತ್ತಂತೆ. ಆ ಹೊಟ್ಟೆ ಒಂದು ತಿಂಗಳು ತಡ್ಕೊಳ್ಳುತ್ತೆ."

"ವಿರಾಮದಲ್ಲೂ ಒಂದು ತಿಂದೆನಲ್ಲ" ಎಂದ ಲೋಥಾರ್ ಸಣ್ಣ ದನಿಯಲ್ಲಿ. "ಅದಕ್ಕೇ ಒಂದು ಗೋಲು ಬಂದದ್ದು."

ಮಾನ್ನಿ ಯೋಚಿಸಿದ. ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿ ಯೋಚಿಸುತ್ತಿದ್ದ. ಎಲ್ಲಿ ತಪ್ಪಿತು ಅನ್ನುವುದು ತಿಳಿಯದೆ ಅವನಿಗೆ ಮನೆಗೆ ಹೋಗಲು ಆಗುವುದಿಲ್ಲ. ಮಾರ್ಲೀಸ್ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೂ ತಿಳಿದುಕೊಳ್ಳಬೇಕಿತ್ತು.

"ಮೊದಲನೇದಕ್ಕೆ ಸಾಸಿವೆ ಗೊಜ್ಜು ಹಾಕ್ಕೊಂಡಿದ್ಯಾ?" ಎಂದು ಕೇಳಿದಳು.

"ಇಲ್ಲ" ಎಂದ ಲೋಥಾರ್. "ಮುಗಿದಿತ್ತು."

ಮಾನ್ನಿ ಅವಳನ್ನು ನೋಡಿ, ಅಲ್ಲೇ ತಪ್ಪಿದ್ದು ಅನ್ನುವ ಹಾಗೆ ತಲೆ ಅಲ್ಲಾಡಿಸಿದ. ಮೂವರೂ ಮತ್ತೆ ನಡೆಯತೊಡಗಿದರು. ಸೇತುವೆಯ ಹತ್ತಿರ ಅವನು, "ಮುಂದಿನ ಶನಿವಾರ ಮೂರೂವರೆಗೆ. ಎರಡಕ್ಕೇ ಬಂದ್ಬಿಡು, ಆಮೇಲೆ ಮೆಟ್ಟಿಲು ತುಂಬಿರುತ್ತೆ" ಅಂದ. ಅವಳು ಸಾಸಿವೆ ಗೊಜ್ಜಿನ ಟ್ಯೂಬೊಂದನ್ನು ತಾನೇ ಮನೆಯಿಂದ ತರುತ್ತೇನೆ ಅಂದಳು.